ರೊಕ್ಕದ ಅಡಚಣೆಯಲ್ಲಿ ಗೇಮ್ ಮಾರುವ ಮುನ್ನ

ಕಲಬುರಗಿ ಜಿಲ್ಲೆಯ ಒಕ್ಕಲು ಮನೆಗಳಲ್ಲಿ ರೊಕ್ಕ ಬರುವ ಕಾಲ ಒಂದು, ಹೋಗುವ ಕಾಲ ಇನ್ನೊಂದು. ಜೂನ್, ಜುಲೈ ಮಳೆಗೆ ಬಿತ್ತಿದ ತೊಗರಿ ರಾಶಿಯಾಗಿ ನೆಹರೂ ಗಂಜ್ ಸೇರುವುದು ಡಿಸೆಂಬರ್ ಕೊನೆಗೆ, ಜನವರಿಗೆ. ಕಾಲೇಜಿನ ಫೀ, ಹಾಸ್ಟೆಲ್ಲಿನ ಮುಂಗಡ, ಪುಸ್ತಕದ ಖರ್ಚು ಮಾತ್ರ ಬಿತ್ತನೆ ಮುಗಿಯುವಷ್ಟರಲ್ಲೇ ಬಾಗಿಲಿಗೆ ಬಂದು ನಿಲ್ಲುತ್ತವೆ. 2022-23ರಲ್ಲಿ ನೆಟೆ ರೋಗ ಹತ್ತಿ ತೊಗರಿ ನಿಂತಲ್ಲೇ ಒಣಗಿತು. 2025ರ ಸೆಪ್ಟೆಂಬರಿನಲ್ಲಿ ಮಳೆಯೂ ಭೀಮೆಯ ನೆರೆಯೂ ಸೇರಿ ಹೊಲಗಳನ್ನು ಮುಳುಗಿಸಿದವು. ಅಂಥ ವರ್ಷಗಳಲ್ಲಿ ತರಗತಿ ಮುಗಿದ ಮೇಲೆ ಹಿಂದೆ ಉಳಿದು ಕೇಳುವ ಹುಡುಗರು ಹೆಚ್ಚುತ್ತಾರೆ: "ಸರ್, ಪಿಎಸ್4 ಮಾರಬೇಕಂತ ಮಾಡೀನ್ರಿ. ಸಿಡಿನೂ ಅವ. ಎಷ್ಟು ಬರ್ತದ್ರಿ?"

ಪಿಎಸ್4 ಎಂದರೆ ಸೋನಿ ಕಂಪನಿಯ ಪ್ಲೇಸ್ಟೇಷನ್ 4, ಟಿವಿಗೆ ಹಚ್ಚಿ ಆಡುವ ಗೇಮ್ ಯಂತ್ರ. ನಾನು ಕಂಪ್ಯೂಟರ್ ಪಾಠ ಹೇಳುವವನು. ಈ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಕೊಡಲು ಬರುವುದಿಲ್ಲ. ಎಂದೂ ಏನನ್ನೂ ಮಾರದ ಹುಡುಗ ಹುಡುಗಿಯರಿಗೂ, ಮಕ್ಕಳ ಕಪಾಟಿನಲ್ಲಿರುವ ಈ ಡಬ್ಬಿಗಳು ಏನೆಂದು ತಿಳಿಯದ ಅಪ್ಪ ಅಮ್ಮಂದಿರಿಗೂ ಇಲ್ಲಿ ಮೊದಲಿನಿಂದ ಹೇಳುತ್ತೇನೆ.

ಅಡಚಣೆಯಲ್ಲಿ ಮಾರುವವನ ಬಳಿ ಇಲ್ಲದಿರುವುದು ಸಮಯ. ಕೊಳ್ಳುವವನಿಗೆ ಅದು ಗೊತ್ತಾದ ಕೂಡಲೇ ಬೆಲೆ ಇಳಿಯುತ್ತದೆ. ಹೀಗಾಗಿ ಸಂಗ್ರಹವನ್ನು ಬೆಲೆಯ ಪ್ರಕಾರ ವಿಂಗಡಿಸಬೇಡಿ, ಮರಳಿ ಸಿಗುತ್ತದೋ ಇಲ್ಲವೋ ಎಂಬುದರ ಪ್ರಕಾರ ವಿಂಗಡಿಸಿ. ನಾಳೆ ಯಾವ ಅಂಗಡಿಯಲ್ಲಾದರೂ ಮತ್ತೆ ಸಿಗುವುದು ಮೊದಲು ಹೋಗಲಿ. ಎಷ್ಟು ದುಡ್ಡು ಕೊಟ್ಟರೂ ಸಿಗದಿರುವುದು ಕೊನೆಗೆ ಹೋಗಲಿ, ಸಾಧ್ಯವಾದರೆ ಹೋಗದೆಯೂ ಇರಲಿ. ಮುಂದೆ ಹೇಳುವುದೆಲ್ಲ ಈ ಮಾತನ್ನು ಹಿಡಿದೇ ಸಾಗುತ್ತದೆ.

ಮಾರುವ ಮಾತಿಗೆ ಬರುವ ಮೊದಲು ಎರಡು ಬಾಗಿಲು ತಟ್ಟಿ ನೋಡಿ. ರಾಜ್ಯದ ವಿದ್ಯಾರ್ಥಿವೇತನದ ಅರ್ಜಿಗಳನ್ನು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಬೇಕು. ವಿದ್ಯಾಸಿರಿ ಇದೆ, ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಇದೆ. ಆಧಾರ್ ಜೋಡಣೆ, ಬ್ಯಾಂಕ್ ಖಾತೆಯ ತೊಡಕು ಇದ್ದರೆ ಹಣ ನಿಂತುಬಿಡುತ್ತದೆ, ಅದನ್ನು ಸರಿಪಡಿಸಲು ಕಾಲೇಜಿನ ಕಚೇರಿಯಲ್ಲಿ ಕೇಳಿ. ಎರಡನೆಯದು, ಫೀಯನ್ನು ಕಂತಿನಲ್ಲಿ ಕಟ್ಟುತ್ತೇನೆಂದು ಪ್ರಾಂಶುಪಾಲರಿಗೆ ಬರೆದುಕೊಡುವುದು. ಎರಡು ತಿಂಗಳ ಅವಕಾಶ ಸಿಕ್ಕರೂ ನಿಮ್ಮ ಸಂಗ್ರಹದ ಕಿಮ್ಮತ್ತು ಏರುತ್ತದೆ. ಆಗ ನೀವು ಕಾಯಬಲ್ಲವರಾಗಿರುತ್ತೀರಿ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆ ಮಾತ್ರ ಹೋಗಬೇಡಿ. ಸಾಲ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ, ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಸಾಲಕ್ಕಿಂತ ಗೇಮ್ ಮಾರುವುದು ಸಾವಿರ ಪಾಲು ಮೇಲು. ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಈಗ ಕಪಾಟು ತೆರೆಯಿರಿ. ಎಲ್ಲವನ್ನೂ ನೆಲದ ಮೇಲೆ ಹರವಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಂತ್ರ ಯಾವುದು, ಅದರ ಮಾದರಿ ಯಾವುದು, ಎಷ್ಟು ಜಿಬಿ, ರಿಮೋಟ್ ಎಷ್ಟು, ಡಿಸ್ಕ್ ಯಾವುವು, ಪ್ರತಿಯೊಂದಕ್ಕೂ ಮೂಲ ಡಬ್ಬಿ ಇದೆಯೋ ಇಲ್ಲವೋ, ಬಿಲ್ ಇದೆಯೋ ಇಲ್ಲವೋ. ಬರೆದಾದ ಮೇಲೆ ಆ ಪಟ್ಟಿಯಲ್ಲಿ ಯಾವುದು ನಿಜವಾಗಿ ನಿಮ್ಮದು ಎಂಬುದನ್ನು ನೋಡಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಅಂಗಡಿಯಲ್ಲಿ ಕೊಂಡ ಮೂಲ ಡಿಸ್ಕ್ ನಿಮ್ಮ ಕೈಯಲ್ಲಿರುವ ವಸ್ತು. ಇನ್ನೊಬ್ಬರ ಕೈಗೆ ಕೊಟ್ಟರೆ ಅವರು ಆಡಬಹುದು, ನೀವು ಆಡಲಾಗದು. ಇಷ್ಟು ಸರಳವಾದ ಈ ವ್ಯವಸ್ಥೆ ಉಳಿದದ್ದು ಸುಲಭವಾಗಿ ಅಲ್ಲ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಪ್ರಕಟಿಸುವಾಗ, ಬಳಸಿದ ಡಿಸ್ಕುಗಳ ಮಾರಾಟಕ್ಕೂ ಎರವಲಿಗೂ ಕಟ್ಟುಪಾಡು ಹಾಕಹೊರಟಿತ್ತು. ಆ ವರ್ಷದ ಜೂನ್‌ನಲ್ಲಿ ಅದರ ಪ್ರತಿಸ್ಪರ್ಧಿ ಸೋನಿ ಅರ್ಧ ನಿಮಿಷಕ್ಕೂ ಚಿಕ್ಕದಾದ ಒಂದು ವಿಡಿಯೋ ಬಿಟ್ಟಿತು. ಅದರಲ್ಲಿ ಕಂಪನಿಯ ಒಬ್ಬ ಅಧಿಕಾರಿ ಇನ್ನೊಬ್ಬರ ಕೈಗೆ ಡಿಸ್ಕಿನ ಡಬ್ಬಿ ಕೊಡುತ್ತಾರೆ, ಅಷ್ಟೇ. ಆಟಗಾರರ ಸಿಟ್ಟು ಜೋರಾಯಿತು, ಅದೇ ತಿಂಗಳು ಮೈಕ್ರೋಸಾಫ್ಟ್ ತನ್ನ ನಿಯಮ ಹಿಂತೆಗೆದುಕೊಂಡಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಚಹಾದಂಗಡಿ ಮುಂದೆ ನಿಂತು ನೀವಿಂದು ಒಂದು ಪಿಎಸ್4 ಡಿಸ್ಕ್ ಮಾರಬಲ್ಲಿರಾದರೆ, ಅದರ ಹಿಂದೆ ಆ ತಿಂಗಳ ಜಗಳವೂ ಇದೆ.

ಡೌನ್‌ಲೋಡ್ ಮಾಡಿ ಕೊಂಡ ಆಟದ ಕಥೆ ಬೇರೆ. ಸ್ಟೀಮ್, ಪ್ಲೇಸ್ಟೇಷನ್ ಸ್ಟೋರ್, ಎಕ್ಸ್‌ಬಾಕ್ಸ್ ಸ್ಟೋರ್‌ಗಳಲ್ಲಿ ಕೊಟ್ಟ ದುಡ್ಡಿಗೆ ಸಿಗುವುದು ಆಡುವ ಪರವಾನಗಿ. ಅದು ನಿಮ್ಮ ಖಾತೆಗೆ ಅಂಟಿಕೊಂಡಿರುತ್ತದೆ, ಕಿತ್ತು ಬೇರೆಯವರಿಗೆ ಕೊಡಲು ಬರುವುದಿಲ್ಲ. ಜನ ಇದನ್ನು ತಿಳಿಯದೆ ಕೊಳ್ಳುತ್ತಾರೆಂದೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ಮಾಡಿತು: ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಮಾರುವವರು ಸ್ಪಷ್ಟವಾಗಿ ಹೇಳಬೇಕು. ನಮ್ಮ ಹುಡುಗರು ಇದಕ್ಕೆ ಒಂದು ದಾರಿ ಹುಡುಕುತ್ತಾರೆ, ಖಾತೆಯನ್ನೇ ಪಾಸ್‌ವರ್ಡ್ ಸಮೇತ ಮಾರುವುದು. ಅದು ಕಂಪನಿಗಳ ನಿಯಮಕ್ಕೆ ವಿರುದ್ಧ, ಖಾತೆ ಮುಚ್ಚಿಹೋಗಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಆ ಖಾತೆಗೆ ನಿಮ್ಮ ಇಮೇಲ್, ಫೋನ್ ನಂಬರ್, ಕೆಲವೊಮ್ಮೆ ಕಾರ್ಡ್ ಕೂಡ ಜೋಡಿಸಿರುತ್ತದೆ. ಖಾತೆ ಮಾರಬೇಡಿ. ಡಿಜಿಟಲ್ ಆಟಗಳಿಗೆ ಪಟ್ಟಿಯಲ್ಲಿ ಸೊನ್ನೆ ಬೆಲೆ ಬರೆದು ಮುಂದೆ ಹೋಗಿ.

ಡಿಸ್ಕ್ ಇದ್ದರೂ ಬೆಲೆಯಿಲ್ಲದ ಎರಡು ಜಾತಿಗಳಿವೆ. ಒಂದು, ಕಂಪನಿಯ ಸರ್ವರ್ ಇಲ್ಲದೆ ನಡೆಯದ ಆಟ. ಯೂಬಿಸಾಫ್ಟ್‌ನ 'ದಿ ಕ್ರೂ' 2014ರಲ್ಲಿ ಬಂದ ಕಾರ್ ಓಟದ ಆಟ, 2024ರ ಮಾರ್ಚ್ 31ರಂದು ಅದರ ಸರ್ವರ್ ನಿಂತಿತು. ಅಂದಿನಿಂದ ಆ ಡಿಸ್ಕ್ ಹಾಕಿದರೂ ಆಟ ಶುರುವಾಗುವುದಿಲ್ಲ. ಈ ಅನ್ಯಾಯದ ವಿರುದ್ಧ ಯುರೋಪಿನಲ್ಲಿ ನಡೆದ ಅಭಿಯಾನಕ್ಕೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಇನ್ನೊಂದು, ನಮ್ಮ ಊರುಗಳಲ್ಲಿ ಅತಿ ಹೆಚ್ಚಾಗಿರುವ ಜಾತಿ: ಬಿಳಿ ಡಿವಿಡಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಆಟದ ಹೆಸರು. ಪಿಎಸ್2 ಕಾಲದಲ್ಲಿ ಚಿಪ್ ಹಾಕಿಸಿದ ಯಂತ್ರಗಳಿಗೆಂದು ಬಂದ ನಕಲಿ ಪ್ರತಿಗಳು ಇವು. ಬಾಲ್ಯವೆಲ್ಲ ಇವುಗಳಲ್ಲೇ ಕಳೆದಿರಬಹುದು, ಆ ಪ್ರೀತಿಯನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ನಕಲಿ ಪ್ರತಿ ಮಾರುವುದು ಅಪರಾಧ. ಇವನ್ನು ಪಟ್ಟಿಯಿಂದ ತೆಗೆಯಿರಿ.

ಉಳಿದ ಮೂಲ ಡಿಸ್ಕುಗಳನ್ನು ಈಗ ಎರಡು ಗುಂಪು ಮಾಡಿ.

ಮೊದಲ ಗುಂಪಿನಲ್ಲಿ ಎಲ್ಲ ಕಡೆ ಸಿಗುವ ಆಟಗಳು. 'ಜಿಟಿಎ 5' 2013ರಲ್ಲಿ ಬಂತು, ಜಗತ್ತಿನಲ್ಲಿ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಇಂದು ಕೊಟ್ಟರೂ ನಾಳೆ ಕೈಗೆ ದುಡ್ಡು ಬಂದಾಗ ಸಿಕ್ಕೇ ಸಿಗುತ್ತದೆ. ಇದೇ ಗುಂಪಿನಲ್ಲಿ ಒಂದು ಅವಸರದ ಪಂಗಡವೂ ಇದೆ: ವರ್ಷಕ್ಕೊಂದು ಬರುವ ಫುಟ್‌ಬಾಲ್, ಕುಸ್ತಿ, ಬಾಸ್ಕೆಟ್‌ಬಾಲ್ ಆಟಗಳು. ಮುಂದಿನ ವರ್ಷದ ಆವೃತ್ತಿ ಬಂದ ದಿನವೇ ಇವುಗಳ ಬೆಲೆ ಕುಸಿಯುತ್ತದೆ, ಹೊಸ ಫುಟ್‌ಬಾಲ್ ಆಟ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಬರುತ್ತದೆ. ಜುಲೈನಲ್ಲಿ ಮಾರಿದವನಿಗೂ ಅಕ್ಟೋಬರಿನಲ್ಲಿ ಮಾರಿದವನಿಗೂ ಸಿಗುವ ಹಣದಲ್ಲಿ ಬಹಳ ಅಂತರ. ಪಟ್ಟಿಯಲ್ಲಿ ಇವುಗಳ ಮುಂದೆ ನಕ್ಷತ್ರ ಹಾಕಿ, ಮೊದಲು ಇವು ಹೋಗಲಿ.

ಎರಡನೆಯ ಗುಂಪು ಮತ್ತೆ ಸಿಗದ ಆಟಗಳದು, ಅದು ಸಣ್ಣದು. ಅದಕ್ಕೆ ಏನೇನು ಸೇರಬಹುದೆಂದು ತಿಳಿಯಲು ನಮ್ಮ ದೇಶದಲ್ಲಿ ಗೇಮ್ ಬಂದ ದಾರಿ ಸ್ವಲ್ಪ ಗೊತ್ತಿರಬೇಕು. ನಿಂಟೆಂಡೊ ಕಂಪನಿಯ ಯಂತ್ರ ಜಪಾನಿನಲ್ಲಿ 1983ರಲ್ಲಿ ಬಂತು. ಭಾರತದಲ್ಲಿ ಅದು 'ಸಮುರಾಯ್' ಹೆಸರಿನಲ್ಲಿ ಮಾರಾಟವಾಗಿತ್ತು, ಕೊಂಡವರು ಕಡಿಮೆ. ನಮ್ಮ ಮನೆಗಳಿಗೆ 90ರ ದಶಕದಲ್ಲಿ ಬಂದದ್ದು ಅದರ ನಕಲುಗಳು: ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್. ಹಳದಿ, ಕಪ್ಪು ಕ್ಯಾಸೆಟ್ ಒಳಗೆ ತುರುಕಿ 'ಮಾರಿಯೋ', 'ಕಾಂಟ್ರಾ' ಆಡಿದವರು ಇಂದು ನಲವತ್ತರ ಆಚೀಚೆ ಇದ್ದಾರೆ. ಆಮೇಲೆ ಪಿಎಸ್2 ಬಂತು. ಜಗತ್ತಿನಲ್ಲಿ ಸುಮಾರು 16 ಕೋಟಿ ಮಾರಾಟವಾದ ಆ ಯಂತ್ರಕ್ಕಾಗಿಯೇ 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ 'ಹನುಮಾನ್: ಬಾಯ್ ವಾರಿಯರ್' ಮಾಡಿತು. ಪಿಎಸ್2ಗಾಗಿ ಪೂರ್ತಿ ಭಾರತದಲ್ಲೇ ತಯಾರಾದ ಮೊದಲ ಆಟ ಅದು. ಅದೇ ವರ್ಷ ಗಿಲ್ಲಿ ದಾಂಡು, ಕಬಡ್ಡಿಯಂಥ ಆಟಗಳ 'ದೇಸಿ ಅಡ್ಡಾ' ಬಂತು, 2010ರಲ್ಲಿ ಗಲ್ಲಿ ಕ್ರಿಕೆಟ್ಟಿನ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್' ಬಂತು. ಆಟವಾಗಿ ಇವು ಅಷ್ಟೇನೂ ಚೆನ್ನಾಗಿಲ್ಲ ಎಂದವರೇ ಹೆಚ್ಚು. ಆದರೂ ಇವು ನಮ್ಮ ಕಡೆಯ ಆಟಗಳು, ಮತ್ತೆ ಅಚ್ಚಾಗುವುದಿಲ್ಲ. ಡಬ್ಬಿ ಸಮೇತ ಇದ್ದರೆ, ಇಂದು ಕಡಿಮೆ ಬೆಲೆಗೆ ಕೇಳಿದರೂ ಕೊಡಬೇಡಿ.

ಇಂಥದ್ದೇ ಇನ್ನೊಂದು, ಇಎ ಸ್ಪೋರ್ಟ್ಸ್‌ನ 'ಕ್ರಿಕೆಟ್ 07'. 2006ರ ನವೆಂಬರಿನಲ್ಲಿ ಬಂದ ಈ ಆಟದ ನಂತರ ಇಎ ಕಂಪನಿ ಕ್ರಿಕೆಟ್ ಆಟ ಮಾಡುವುದನ್ನೇ ನಿಲ್ಲಿಸಿತು. ಈಗಲೂ ಹುಡುಗರು ಅದಕ್ಕೆ ಹೊಸ ತಂಡ, ಹೊಸ ಜರ್ಸಿ ಕೂಡಿಸಿ ಆಡುತ್ತಾರೆ. ಆಡುವವರೆಲ್ಲರ ಬಳಿ ಇದ್ದರೂ ಮೂಲ ಡಿಸ್ಕ್ ಇರುವ ಮನೆ ಅಪರೂಪ. ಇಂಥ ಆಟಗಳಿಗೆ ಡಿಜಿಟಲ್ ಅಂಗಡಿಯಲ್ಲೂ ಜಾಗವಿಲ್ಲದಿರುವುದರಿಂದ ಡಿಸ್ಕೇ ಕೊನೆಯ ಆಸರೆ. ಅಂಗಡಿಗಳೂ ಮುಚ್ಚುತ್ತವೆ: ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಡಿಜಿಟಲ್ ಅಂಗಡಿಯಲ್ಲಿ ಮಾರಾಟವನ್ನು 2023ರ ಮಾರ್ಚ್ 27ಕ್ಕೆ ನಿಲ್ಲಿಸಿತು.

ದೊಡ್ಡ ಸಂಗ್ರಾಹಕರಿಗೂ ಇಂಥ ಅಡಚಣೆ ಬರುತ್ತದೆ ಎಂದು ಹೇಳಿದರೆ ನನ್ನ ವಿದ್ಯಾರ್ಥಿಗಳಿಗೆ ಸ್ವಲ್ಪ ಧೈರ್ಯ ಬರುತ್ತದೆ. ಅಮೆರಿಕದ ಬಫಲೋ ನಗರದ ಮೈಕೆಲ್ ಥಾಮಸ್ಸನ್ ಬಳಿ 10,607 ಆಟಗಳಿವೆ ಎಂದು ಗಿನ್ನೆಸ್ ಪುಸ್ತಕ ದಾಖಲಿಸಿತ್ತು. ಅದಕ್ಕೆ ಮುಂಚೆ ಆತ ತನ್ನ ಸಂಗ್ರಹವನ್ನು ಎರಡು ಸಲ ಮಾರಿದ್ದರು, 1989ರಲ್ಲಿ ಹೊಸ ಸೆಗಾ ಯಂತ್ರ ಕೊಳ್ಳಲು, 1998ರಲ್ಲಿ ಮದುವೆಯ ಖರ್ಚಿಗೆ. ಎರಡು ಸಲವೂ ಮತ್ತೆ ಶುರು ಮಾಡಿದರು. 2014ರಲ್ಲಿ ಮನೆಯ ಜವಾಬ್ದಾರಿಗಳಿಗಾಗಿ ಮೂರನೆಯ ಸಲ ಹರಾಜಿಗಿಟ್ಟಾಗ ಕೂಗು 7,50,250 ಡಾಲರಿಗೆ ಹೋಗಿ ನಿಂತಿತು. ಗೇಮ್ ಮಾರುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಮ್ಮ ಹುಡುಗರು ಗೆಳೆಯರಿಗೆ ಗೊತ್ತಾದೀತೆಂದು ಮುಚ್ಚಿಟ್ಟು ಮೊದಲು ಸಿಕ್ಕವರಿಗೆ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಾರೆ, ನನಗೆ ಸಂಕಟವಾಗುವುದು ಅದಕ್ಕೆ. ಒಳ್ಳೆಯ ಗಿರಾಕಿ ಸಿಗುವುದು ಹೆಚ್ಚಾಗಿ ಗೆಳೆಯರ ಗೆಳೆಯರಲ್ಲೇ.

ಒಟ್ಟಿಗೆ ಕೊಡಬೇಕೋ ಬಿಡಿಬಿಡಿಯಾಗಿ ಕೊಡಬೇಕೋ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯ ಕಮಲಾಪುರದವರಿಗೆ ನಾನು ಪಾಠ ಹೇಳಬೇಕಿಲ್ಲ. ಭೌಗೋಳಿಕ ಗುರುತು ಪಡೆದ ಅಲ್ಲಿನ ಕೆಂಪು ಬಾಳೆಯನ್ನು ತೋಟದಲ್ಲೇ ಗೊನೆ ಲೆಕ್ಕಕ್ಕೆ ಕೊಟ್ಟರೆ ಒಂದು ಧಾರಣೆ, ರಸ್ತೆ ಬದಿಯಲ್ಲಿ ಕೂತು ಡಜನ್ ಲೆಕ್ಕಕ್ಕೆ ಕೊಟ್ಟರೆ ಇನ್ನೊಂದು ಧಾರಣೆ. ಕೂತು ಮಾರುವವನಿಗೆ ಹೆಚ್ಚು ಬರುತ್ತದೆ, ಆದರೆ ಕೂರಬೇಕು, ಮತ್ತು ಕೊನೆಗೆ ಉಳಿದ ನಾಲ್ಕು ಹಣ್ಣನ್ನು ಏನು ಮಾಡುವುದೆಂದು ಯೋಚಿಸಬೇಕು. ಗೇಮ್ ಸಂಗ್ರಹವೂ ಹಾಗೆಯೇ. ಲೆಕ್ಕ ತಿಳಿಯಲೆಂದು ಕೆಲವು ಅಂಕಿ ಹಿಡಿಯೋಣ, ಇವು ಮಾರುಕಟ್ಟೆಯ ದರಗಳಲ್ಲ. ಮೂರು ವಾರದಲ್ಲಿ ನಿಮಗೆ 14,000 ರೂಪಾಯಿ ಬೇಕು. ಅಂಗಡಿಯವರು ಯಂತ್ರ, ಎರಡು ರಿಮೋಟ್, 12 ಡಿಸ್ಕ್ ಎಲ್ಲ ಸೇರಿ 13,000 ಎನ್ನುತ್ತಾರೆ. ಬಿಡಿಯಾಗಿ ಮಾರಿದರೆ ಯಂತ್ರ ಮತ್ತು ಒಂದು ರಿಮೋಟಿಗೆ 10,000, ಎರಡನೆಯ ರಿಮೋಟಿಗೆ 1,500, ಚೆನ್ನಾಗಿ ಓಡುವ ಆರು ಡಿಸ್ಕಿಗೆ 4,000, ಅಂದರೆ 15,500. ಬೇಕಾದ ಹಣ ಬಂತು, ಆರು ಡಿಸ್ಕ್ ನಿಮ್ಮ ಬಳಿಯೇ ಉಳಿದವು. ಅಂಗಡಿಯವರು ಕಡಿಮೆ ಕೇಳಿದರೆಂದು ಅವರನ್ನು ಬೈಯಬಾರದು, ಅವರು ಯಂತ್ರ ಶುಚಿ ಮಾಡಿ, ದುರಸ್ತಿ ಮಾಡಿ, ವಾರಂಟಿ ಕೊಟ್ಟು, ತಿಂಗಳುಗಟ್ಟಲೆ ಇಟ್ಟುಕೊಂಡು ಮಾರಬೇಕು. ನಾಳೆಯೇ ಕಟ್ಟಬೇಕಾದ ಹಣವಾದರೆ ಅಂಗಡಿಯೇ ಸರಿ.

ಬೆಲೆ ತಿಳಿಯುವ ಬಗೆ ಸುಲಭ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಜನ ಹಾಕಿದ ಬೆಲೆಯನ್ನು ನಂಬಬೇಡಿ, ಅದು ಕೇಳುವ ಬೆಲೆ. ಬಳಸಿದ ಆಟ ಮಾರುವ ಎರಡು ಮೂರು ಅಂಗಡಿಗಳಿಗೆ ಫೋನ್ ಮಾಡಿ, ಅದೇ ಡಿಸ್ಕನ್ನು ಎಷ್ಟಕ್ಕೆ ಮಾರುತ್ತೀರಿ, ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಎರಡನ್ನೂ ಕೇಳಿ. ನಿಮ್ಮ ನ್ಯಾಯವಾದ ಬೆಲೆ ಆ ಎರಡರ ನಡುವೆ ಇರುತ್ತದೆ. ಕಮಲಾಪುರದಲ್ಲಿ ಗಿರಾಕಿ ಕಡಿಮೆ. ಸುಮಾರು 40 ಕಿಲೋಮೀಟರ್ ದೂರದ ಕಲಬುರಗಿಯಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಹಾಸ್ಟೆಲ್ಲುಗಳಿವೆ, ಅಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಹೈದರಾಬಾದ್, ಸೊಲ್ಲಾಪುರ ದೊಡ್ಡ ಮಾರುಕಟ್ಟೆಗಳೇ. ಆದರೆ ಹೋಗಿ ಬರುವ ಖರ್ಚು, ಒಂದು ದಿನದ ಊಟ ಕಳೆದರೆ ಏನು ಉಳಿಯುತ್ತದೆಂದು ಮನೆಯಲ್ಲೇ ಲೆಕ್ಕ ಹಾಕಿ ಹೊರಡಿ. ಅಲ್ಲಿಗೆ ಹೋದ ಮೇಲೆ ಬರಿಗೈಯಲ್ಲಿ ಮರಳಲು ಮನಸ್ಸಾಗದೆ ಕಡಿಮೆಗೆ ಒಪ್ಪುವ ಸಾಧ್ಯತೆ ಹೆಚ್ಚು.

ಮಾರುವ ವಸ್ತುವನ್ನು ಸಿದ್ಧ ಮಾಡುವುದಕ್ಕೆ ಒಂದು ಭಾನುವಾರ ಇಟ್ಟುಕೊಳ್ಳಿ. ನಮ್ಮ ಊರಿನ ಧೂಳು, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲು ಯಂತ್ರಗಳನ್ನು ಬಹಳ ಬೇಗ ಹಣ್ಣು ಮಾಡುತ್ತವೆ. ಫ್ಯಾನ್ ವಿಮಾನದಂತೆ ಸದ್ದು ಮಾಡುತ್ತಿದ್ದರೆ ಒಳಗೆ ಧೂಳು ಕಟ್ಟಿದೆ ಎಂದೇ ಅರ್ಥ. ಗೊತ್ತಿರುವವರಿಂದ ಬಿಚ್ಚಿಸಿ ಶುಚಿ ಮಾಡಿಸಿ. ಡಿಸ್ಕನ್ನು ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಒರೆಸಬಾರದು. ಗೀರಿಗೆ ಟೂತ್‌ಪೇಸ್ಟ್ ಹಚ್ಚುವ ಚಾಳಿ ನಮ್ಮಲ್ಲಿದೆ. ಪಿಎಸ್3, ಪಿಎಸ್4, ಪಿಎಸ್5 ಡಿಸ್ಕುಗಳು ಬ್ಲೂ-ರೇ ಜಾತಿಯವು, ಅವುಗಳಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗಿರುತ್ತದೆ. ಉಜ್ಜಿದರೆ ಡಿಸ್ಕ್ ಸತ್ತೇ ಹೋದೀತು. ಹಳೆಯ ಕ್ಯಾಸೆಟ್ಟಿಗೆ ಬಾಯಿಂದ ಊದುವುದೂ ಬೇಡ, ಉಸಿರಿನ ತೇವಕ್ಕೆ ತಾಮ್ರದ ಸಂಪರ್ಕಗಳು ಕಿಲುಬು ಹಿಡಿಯುತ್ತವೆ. ಹತ್ತಿಯ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಸಾಕು.

ಇದಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಆಟದೊಳಗೆ ನೀವು ಉಳಿಸಿಟ್ಟದ್ದನ್ನು ಹೊರಗೆ ತೆಗೆಯುವುದು. ವರ್ಷಗಟ್ಟಲೆ ಆಡಿ ತಲುಪಿದ ಹಂತ, ತಂಗಿಯ ಜೊತೆ ಕೂಡಿ ಕಟ್ಟಿದ ಊರು, ಇವು ಯಂತ್ರದ ಜೊತೆಗೇ ಹೋಗಿಬಿಡುತ್ತವೆ. ಮರಳಿ ಸಿಗದ ವಸ್ತುಗಳಲ್ಲಿ ಮೊದಲನೆಯದು ಇದೇ, ಇದನ್ನು ಉಳಿಸಿಕೊಳ್ಳಲು ಖರ್ಚೂ ಕಡಿಮೆ. ಪಿಎಸ್2ಗೆ 8 ಎಂಬಿಯ ಮೆಮೊರಿ ಕಾರ್ಡ್ ಇತ್ತು, ಅದನ್ನು ಮಾರದೆ ಇಟ್ಟುಕೊಳ್ಳಿ. ಪಿಎಸ್4ನಿಂದ ಸೇವ್‌ಗಳನ್ನು ಪೆನ್‌ಡ್ರೈವ್‌ಗೆ ನಕಲಿಸಬಹುದು. ಪಿಎಸ್5ರಲ್ಲಿ ಪಿಎಸ್5 ಆಟಗಳ ಸೇವ್‌ಗಳು ಪೆನ್‌ಡ್ರೈವ್‌ಗೆ ಹೋಗುವುದಿಲ್ಲ, ಪಿಎಸ್ ಪ್ಲಸ್ ಚಂದಾ ಇದ್ದರೆ ಕ್ಲೌಡಿಗೆ ಹೋಗುತ್ತವೆ. ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್ ಸೇವ್ ಪುಕ್ಕಟೆ. ನಕಲಾಯಿತೆಂದು ಕಣ್ಣಾರೆ ನೋಡಿದ ನಂತರವೇ ಮುಂದಿನ ಹೆಜ್ಜೆ.

ಮುಂದಿನ ಹೆಜ್ಜೆ ಖಾತೆ ಬಿಡಿಸುವುದು. ಪಿಎಸ್4ರಲ್ಲಿ ಸೆಟ್ಟಿಂಗ್ಸ್ ಒಳಗೆ ಅಕೌಂಟ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಈ ಯಂತ್ರ ನಿಮ್ಮ ಪ್ರೈಮರಿ ಎಂಬುದನ್ನು ಡಿಆ್ಯಕ್ಟಿವೇಟ್ ಮಾಡಿ. ಪಿಎಸ್5ರಲ್ಲಿ ಕನ್ಸೋಲ್ ಶೇರಿಂಗ್ ಎಂಬುದನ್ನು ನಿಲ್ಲಿಸಿ. ಆಮೇಲೆ ಇಡೀ ಯಂತ್ರವನ್ನು ರೀಸೆಟ್ ಮಾಡಿ, ಮೊದಲ ದಿನದ ಹಾಗೆ ಭಾಷೆ ಆರಿಸುವ ಪರದೆ ಬರಬೇಕು. ಯಂತ್ರಕ್ಕೆ ಜೈಲ್‌ಬ್ರೇಕ್ (ಕಂಪನಿ ಹಾಕಿದ ಬೀಗ ಮುರಿಯುವುದು) ಮಾಡಿಸಿದ್ದರೆ, ದುರಸ್ತಿ ಮಾಡಿಸಿದ್ದರೆ, ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ. ನಿಜ ಹೇಳಿದ್ದಕ್ಕೆ ಐನೂರು ರೂಪಾಯಿ ಕಡಿಮೆ ಬಂದರೂ ಆಮೇಲಿನ ಜಗಳ ತಪ್ಪುತ್ತದೆ.

ಯಂತ್ರ ಯಾರದು ಎಂಬ ಪ್ರಶ್ನೆಯೂ ಉಳಿದಿದೆ. ಅಣ್ಣನ ಹೆಸರಿನಲ್ಲಿ ಬಿಲ್ ಇರಬಹುದು, ಆಡುವುದು ತಮ್ಮ. ಕಮಲಾಪುರದ ಮನೆಯಲ್ಲಿ ಯಂತ್ರ ಬಿಟ್ಟು ಅಣ್ಣ ಕಲಬುರಗಿಯ ಹಾಸ್ಟೆಲ್ಲಿಗೆ ಬಂದಿದ್ದರೆ, ಸಂಜೆ ಹೊತ್ತು ಅದರ ಮುಂದೆ ಕೂರುವವನು ತಮ್ಮನೇ. ಶಾಲೆಯಿಂದ ಬಂದಾಗ ಟಿವಿಯ ಕೆಳಗೆ ಜಾಗ ಖಾಲಿ ಇರುವುದನ್ನು ನೋಡಿ ಅವನಿಗೆ ಗೊತ್ತಾಗಬಾರದು. ಮುಂಚೆಯೇ ಕೂರಿಸಿ ಹೇಳಿ, ಯಾವ ಎರಡು ಡಿಸ್ಕ್ ಇಟ್ಟುಕೊಳ್ಳಬೇಕೆಂದು ಅವನನ್ನೇ ಕೇಳಿ. ಹತ್ತು ವರ್ಷದ ಹುಡುಗನಿಗೂ ಮನೆಯ ಅಡಚಣೆ ಅರ್ಥವಾಗುತ್ತದೆ, ತನ್ನನ್ನು ಕೇಳಿದರೆಂಬುದು ಅದಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಗಿರಾಕಿಯ ಮಾತು ಹೆಚ್ಚಾಗಿ ಒಂದೇ ತೆರ ಶುರುವಾಗುತ್ತದೆ: "ಅಣ್ಣಾ, ಫೈನಲ್ ಎಷ್ಟಕ್ಕ ಕೊಡ್ತಿ?" ನೋಡದೆ ಕೇಳುವವರಿಗೆ ಫೈನಲ್ ಹೇಳಬೇಡಿ. "ಬಂದು ಹಚ್ಚಿ ನೋಡಪ್ಪಾ, ಆಮ್ಯಾಲ ಮಾತಾಡೋಣ" ಎನ್ನಿ. ಕನಿಷ್ಠ ಎಷ್ಟು ಎಂಬುದು ನಿಮ್ಮ ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಿರಲಿ. ಫೀ ಕಟ್ಟಬೇಕು, ಮನೆಯಲ್ಲಿ ತೊಂದರೆ ಎಂಬ ಮಾತು ಬಾಯಿಂದ ಬರದಿರಲಿ. ಕೊಳ್ಳುವವರು ಕೆಟ್ಟವರೆಂದು ಹೀಗೆ ಹೇಳುತ್ತಿಲ್ಲ, ಚೌಕಾಸಿಯಲ್ಲಿ ಅವಸರ ಕಂಡರೆ ಯಾರಾದರೂ ಇನ್ನೊಂದು ಸಲ ಕೇಳಿಯೇ ಕೇಳುತ್ತಾರೆ. ಅಪರಿಚಿತರಾದರೆ ಮನೆಗೆ ಕರೆಯದೆ, ಜನ ಓಡಾಡುವ, ಟಿವಿಗೆ ಹಚ್ಚಿ ತೋರಿಸಲು ಬರುವ ಜಾಗದಲ್ಲಿ ಭೇಟಿಯಾಗಿ. ಗುರುತಿನವರ ಮೊಬೈಲ್ ಅಥವಾ ಟಿವಿ ಅಂಗಡಿ ಒಳ್ಳೆಯದು, ಜೊತೆಗೆ ಒಬ್ಬರಿರಲಿ.

ದುಡ್ಡು ತೆಗೆದುಕೊಳ್ಳುವಾಗಿನ ಮೋಸ ಒಂದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ತಾನು ಸೈನ್ಯದವನು, ಬೇರೆ ಊರಲ್ಲಿದ್ದೇನೆ, ಮುಂಗಡ ಕಳಿಸುತ್ತೇನೆ ಎಂದು ಫೋನ್ ಬರುತ್ತದೆ. ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದೆ ಎನ್ನುತ್ತಾನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಎಂದೆಂದಿಗೂ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಸಂದಾಯವಾಯಿತೆಂದು ಎದುರಿನವರು ತೋರಿಸುವ ಪರದೆಯನ್ನೂ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಬಂದದ್ದನ್ನು ನೋಡಿ ವಸ್ತು ಕೊಡಿ. ಮೋಸ ನಡೆದೇ ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ.

ಬೇರೆ ಊರಿಗೆ ಕಳಿಸುವುದಾದರೆ ಪೂರ್ತಿ ಹಣ ಬಂದ ಮೇಲೆ ಕಳಿಸಿ. ಯಂತ್ರದ ಸೀರಿಯಲ್ ನಂಬರಿನ ಫೋಟೋ, ಅದು ನಡೆಯುತ್ತಿರುವ ವಿಡಿಯೋ, ಡಬ್ಬಿ ಕಟ್ಟುವ ವಿಡಿಯೋ ತೆಗೆದಿಡಿ. ಡಿಸ್ಕ್ ಅಷ್ಟೇ ಆದರೆ ಸ್ಪೀಡ್ ಪೋಸ್ಟ್ ಸಾಕು. ಯಂತ್ರವನ್ನು ರಾಜ್ಯದೊಳಗೇ ಕಳಿಸುವುದಾದರೆ ಸಾರಿಗೆ ಬಸ್ಸುಗಳ 'ನಮ್ಮ ಕಾರ್ಗೋ' ಸೇವೆ ಕೂಡ ಇದೆ. ಕೆಟ್ಟು ನಿಂತ ಯಂತ್ರವನ್ನು ಗುಜರಿಗೆ ತೂಕಕ್ಕೆ ಹಾಕುವ ಮುನ್ನ, ರಿಪೇರಿಯವರಿಗೆ ಬಿಡಿಭಾಗದ ಲೆಕ್ಕದಲ್ಲಿ ಬೇಕೇ ಎಂದು ಕೇಳಿ. ಡಿಸ್ಕ್ ಓದುವ ಭಾಗ, ಪವರ್ ಸಪ್ಲೈ, ರಿಮೋಟಿನ ಬಿಡಿಭಾಗಗಳಿಗೆ ಬೆಲೆ ಉಂಟು.

ಮಾರಾಟ ಮುಗಿದ ಮೇಲೆ ಖಾತೆಯನ್ನು ಅಳಿಸಬೇಡಿ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಭದ್ರತೆ ಹಾಕಿ, ಕಾರ್ಡಿನ ವಿವರ ತೆಗೆದುಹಾಕಿ, ತಿಂಗಳ ಚಂದಾ ತಾನಾಗಿ ಕಟ್ ಆಗುವುದನ್ನು ನಿಲ್ಲಿಸಿ. ಪಟ್ಟಿಯಲ್ಲಿ ಸೊನ್ನೆ ಬೆಲೆ ಬರೆದ ಡಿಜಿಟಲ್ ಆಟಗಳು ಆ ಖಾತೆಯಲ್ಲೇ ಇರುತ್ತವೆ, ಖಾತೆ ಇಟ್ಟುಕೊಳ್ಳಲು ಬಾಡಿಗೆಯಿಲ್ಲ. ರಜೆಯಲ್ಲಿ ಗೆಳೆಯನ ಪಿಎಸ್4ರಲ್ಲಿ ಲಾಗಿನ್ ಆದರೆ ಅಲ್ಲಿಯೇ ಇಳಿಸಿಕೊಂಡು ಆಡಬಹುದು, ಮುಗಿದ ಮೇಲೆ ಲಾಗೌಟ್ ಮಾಡಿ ಬನ್ನಿ. ಸೇವ್ ನಕಲಿಸಿದ ಪೆನ್‌ಡ್ರೈವ್ ಮೇಲೆ ಆಟದ ಹೆಸರು, ಖಾತೆಯ ಹೆಸರು ಬರೆದು ಚೀಟಿ ಅಂಟಿಸಿ, ಏಕೆಂದರೆ ಆ ಸೇವ್‌ಗಳು ಅದೇ ಖಾತೆಯಲ್ಲಿ ಮಾತ್ರ ತೆರೆಯುತ್ತವೆ. ಯಾವ ಯಂತ್ರವನ್ನು ಯಾರಿಗೆ, ಎಂದು, ಎಷ್ಟಕ್ಕೆ ಕೊಟ್ಟಿರಿ ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಳ್ಳೆಯ ಗಿರಾಕಿಯಾದರೆ, "ಮುಂದ ನೀ ಮಾರೂದಾದ್ರ ಮೊದಲ ನನಗ ಒಂದು ಫೋನ್ ಮಾಡು" ಎಂದು ಹೇಳಿಯೇ ಕೊಡಿ.